ಗಜ್ಜುಗ

'ಬೀಜ ಒಯ್ಯುವಂತಿಲ್ಲ' ಎಂದು ಮೊಬೈಲಿನ ಗುಂಪಿಗೆ ಬಂದ ಸಂದೇಶವನ್ನು ಶಿವಯೋಗಿ ಮುಖ ತೊಳೆಯುವ ಮೊದಲೇ ಓದಿದ್ದ, ಚಹಾ ಕುಡಿಯುತ್ತಲೂ ಓದಿದ್ದ, ಈಗ ಕಾರಿನ ಚಾವಿ ಹಿಡಿದು ಮನೆಯ ಕಟ್ಟೆಯ ಮೇಲೆ ನಿಂತು ಮತ್ತೊಮ್ಮೆ ಓದಿದ. ಶಿಗ್ಗಾವಿಯ ಪ್ರಶಾಂತ ಹಾಕಿದ್ದು. ಪ್ರವಾಸದ ಉಸಾಬರಿಯೆಲ್ಲ ಅವನದೇ. ಇಂಡೋನೇಷ್ಯಾದಲ್ಲಿ ವಿಮಾನ ಇಳಿದ ಕೂಡಲೇ ಬೀಜ, ಕಾಯಿ, ಸಸಿ, ಮಣ್ಣು ಏನಿದ್ದರೂ ಕಸಿದುಕೊಳ್ಳುತ್ತಾರಂತೆ, ಚೀಲವನ್ನಷ್ಟೇ ಅಲ್ಲ, ಮೈಮೇಲಿನದನ್ನೂ ಬಿಚ್ಚಿಸಿ ನೋಡುತ್ತಾರಂತೆ. ಕೆಳಗೆ ಒಬ್ಬೊಬ್ಬರಾಗಿ ನಗುವ ಮುಖ ಹಾಕಿದ್ದರು. 'ಹಿರೇಕೆರೂರ ಸಾವಕಾರ್ರ ಧಂಧೆ ಬಂದ್ ಆತಲ್ರೀ' ಎಂದು ಸವಣೂರಿನ ಚನ್ನವೀರಪ್ಪ ಬರೆದಿದ್ದ. ಊರ ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟವನಿಗೆ ಇದು ನಗುವ ಮಾತೇ. ಶಿವಯೋಗಿಯೂ ಒಂದು ನಗುವ ಮುಖ ಹಾಕಿದ. ಹಾಕಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಅವನ ಕೈ ತಾನಾಗಿ ಎದೆಗೆ ಹೋಗಿ ಅಂಗಿಯೊಳಗಿನ ಬೆಳ್ಳಿ ಕರಡಿಗೆಯನ್ನು ಮುಟ್ಟಿ ನೋಡಿತು. ಲಿಂಗವಂತನ ಎದೆಯ ಮೇಲಿನ ಕರಡಿಗೆಯೊಳಗೆ ಇಷ್ಟಲಿಂಗ ಇರಬೇಕು. ಅವನದರಲ್ಲಿ ಇದ್ದದ್ದು ಒಂದು ಗಜ್ಜುಗ. ಬೇಲಿಯ ಮುಳ್ಳುಕಂಟಿಯಲ್ಲಿ ಬಿಡುವ, ಹುಡುಗರು ಗೋಲಿಯಾಡುವ, ಬೂದಿ ಬಣ್ಣದ ಗಟ್ಟಿ ಬೀಜ.

ಲಿಂಗ ಬಿದ್ದುಹೋದದ್ದು ಮಾಸೂರಿನ ಮದಗದ ಕೆರೆಯಲ್ಲಿ. ಬೀಜಕ್ಕೆಂದು ಬೆಳೆಸಿದ ಹೊಲ ನೋಡಲು ಹೋದವನು ಬಿಸಿಲಿಗೆ ತಾಳಲಾರದೆ ನೀರಿಗಿಳಿದಿದ್ದ. ಕರಡಿಗೆಯ ಮುಚ್ಚಳ ಸಡಿಲಾಗಿದೆ, ಅಕ್ಕಸಾಲಿಗನಿಗೆ ತೋರಿಸಿ ಎಂದು ಹೆಂಡತಿ ಸವಿತಾ ಹೇಳುತ್ತಲೇ ಇದ್ದಳು. ನಡೆದರೆ ಟಕ್ ಟಕ್ ಎನ್ನುತ್ತಿತ್ತು, ಅವನು ಬರುವುದು ಅಡಿಗೆಮನೆಗೇ ಗೊತ್ತಾಗುತ್ತಿತ್ತು. ಮೈ ಒರೆಸಿಕೊಳ್ಳುವಾಗ ನೋಡಿದರೆ ಮುಚ್ಚಳ ಬಾಯಿ ಬಿಟ್ಟಿತ್ತು, ಒಳಗೆ ಕೆರೆಯ ನೀರಿತ್ತು. ಮತ್ತೆ ಇಳಿದ. ಉಸಿರು ಕಟ್ಟಿ ಮುಳುಗಿ ಕೆಸರು ಬಾಚಿದ, ಹಿಡಿ ಹಿಡಿ ಮೇಲೆ ತಂದು ಸುರಿದ. ಏರಿಯ ಮೇಲೆ ಬುತ್ತಿ ಬಿಚ್ಚಿದ್ದ ಕೂಲಿಯ ಹೆಣ್ಣುಮಕ್ಕಳು "ಸಾವಕಾರ್ರ, ಮೀನ ಹಿಡಿಯಾಕತ್ತೀರೇನ್ರಿ?" ಎಂದು ನಕ್ಕಾಗ "ಉಂಗುರ ಬಿದ್ದೈತಿ" ಎಂದುಬಿಟ್ಟ. ಮೊದಲ ಸುಳ್ಳು ಅದು, ಎಷ್ಟು ಸಲೀಸಾಗಿ ಬಂತು! ಖಾಲಿ ಕರಡಿಗೆ ಎದೆಯ ಮೇಲೆ ಹಗುರಾಗಿ ಹಾರಾಡತೊಡಗಿದಾಗ ಏರಿಯ ಕಂಟಿಯಿಂದ ಗಜ್ಜುಗವೊಂದನ್ನು ಬಿಡಿಸಿ, ಕರವಸ್ತ್ರದ ತುಂಡಿನಲ್ಲಿ ಸುತ್ತಿ ಒಳಗೆ ತುರುಕಿದ. ಸಂಜೆಯ ತನಕ ಇರಲಿ, ನಾಳೆ ಮಠಕ್ಕೆ ಹೋಗಿ ಸ್ವಾಮಿಗಳ ಕಾಲಿಗೆ ಬಿದ್ದು ಹೇಳಿದರಾಯಿತು. ಬಟ್ಟೆಯ ಬಿಗಿಗೆ ಮುಚ್ಚಳ ಗಟ್ಟಿಯಾಗಿ ಕೂತು ಸಪ್ಪಳ ನಿಂತುಹೋಯಿತು. "ಅಂತೂ ಅಕ್ಕಸಾಲ್ಯಾನ ಕಡೆ ಹೋಗಿ ಬಂದ್ರಲ್ಲ" ಎಂದು ಸವಿತಾ ಸಂತೋಷಪಟ್ಟು ಅಂದು ಹೋಳಿಗೆ ಬಡಿಸಿದಳು. ಅಪ್ಪ ಮೈಲಾರಲಿಂಗಪ್ಪ ಒಬ್ಬ ಮುದುಕನ ಕತೆ ಹೇಳುತ್ತಿದ್ದ: ಲಿಂಗ ಕಳೆದುಕೊಂಡ ಮುದುಕ ಅದು ಸಿಗುವ ತನಕ ಅನ್ನ ನೀರು ಮುಟ್ಟದೆ ಬಾವಿಯ ಕಟ್ಟೆ ಹಿಡಿದು ಕೂತನಂತೆ. ಶಿವಯೋಗಿ ಹೋಳಿಗೆ ಉಂಡ. ರುಚಿಯಾಗಿತ್ತು. ಆ ರುಚಿಯೇ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಾಳೆ ಎಂಬುದು ಬರಲಿಲ್ಲ, ವರ್ಷಗಳು ಬಂದವು. ಅಂಗಡಿ ಬೆಳೆಯಿತು, ಮಗಳ ಮದುವೆ ಚೆನ್ನಾಗಿಯೇ ಆಯಿತು, ಮೈಗೆ ಒಂದು ನೆಗಡಿಯೂ ಬರಲಿಲ್ಲ. ಏನಾದರೂ ಕೆಟ್ಟದ್ದು ಆಗಿದ್ದರೆ ಓಡಿಹೋಗಿ ಯಾರ ಕಾಲಾದರೂ ಹಿಡಿಯುತ್ತಿದ್ದನೇನೋ. ಏನೂ ಆಗಲಿಲ್ಲವಲ್ಲ, ಅದಕ್ಕೇ ಅವನಿಗೆ ಭಯ.

"ಏನ್ ನೋಡಕೋತ ನಿಂತ್ರೀ? ಅಕ್ಕಾರು ಕಾಯಾಕತ್ತಿರತಾರ" ಎಂದು ಸವಿತಾ ಹೊರಗೆ ಬಂದಳು. ಅವಳ ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಎರಡು ತಿಂಗಳು ಮುಂದಿರುವ ಪ್ರವಾಸಕ್ಕೆ ಇಂದು ಸವಣೂರಿನಲ್ಲಿ ಸೇರುವವರಿಗೆ ಈಗಲೇ ಚಟ್ನಿಯ ರುಚಿ ತೋರಿಸಿ ಒಪ್ಪಿಗೆ ಪಡೆಯಬೇಕಂತೆ. ಹೋಗುವವರೆಲ್ಲ ಬೀಜ ಗೊಬ್ಬರದ ವ್ಯಾಪಾರದವರು ಮತ್ತು ಅವರ ಮನೆಯವರು. ಅಲ್ಲಿನ ಊಟ ನಂಬುವಂಥದ್ದಲ್ಲ ಎಂದು ಒಣಗಿಸಿದ ಖಟಕ ರೊಟ್ಟಿಯ ಹೊಣೆ ಚಿಕ್ಕೇರೂರಿನ ಅಕ್ಕ ಶೇಖವ್ವನಿಗೆ ಬಿದ್ದಿತ್ತು. ಹಸಿ ಪದಾರ್ಥ ಬಿಡುವುದಿಲ್ಲ, ಒಣಗಿದ್ದಕ್ಕೆ ತಕರಾರಿಲ್ಲ ಎಂದು ಪ್ರಶಾಂತ ಹೇಳಿದ್ದ. ಗಜ್ಜುಗವೂ ಒಣಗಿದ್ದೇ, ಎಂದು ಶಿವಯೋಗಿಯ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಹಾಕಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬೇರೆ ಲಿಂಗ ಅಂಗಡಿಯಲ್ಲಿ ಸಿಗುತ್ತದೆ, ಮಠದ ಮುಂದಿನ ಸಾಲಿನಲ್ಲಿ ವಿಭೂತಿಯ ಪಕ್ಕದಲ್ಲೇ ಇಟ್ಟಿರುತ್ತಾರೆ. ಒಮ್ಮೆ ಹೋಗಿ ನಿಂತೂ ಇದ್ದ. ಗುರುವಿನ ಕೈಯಿಂದ ಬರದಿದ್ದರೆ ಅದೂ ಒಂದು ಕಲ್ಲೇ. ಗಜ್ಜುಗವಾದರೂ ತಾನು ಲಿಂಗ ಎಂದು ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳುವವನು ತಾನು. ಒಮ್ಮೆ ಅದಕ್ಕೆ ಕಾಡಿಗೆ ಬಳಿದು ಲಿಂಗದಂತೆ ಕಪ್ಪು ಮಾಡಿದ್ದ. ಆ ದಿನ ಕನ್ನಡಿ ನೋಡಲು ಮನಸ್ಸಾಗಿರಲಿಲ್ಲ.

ಚಿಕ್ಕೇರೂರಿನಲ್ಲಿ ಶೇಖವ್ವ ರಸ್ತೆಗೇ ಬಂದು ನಿಂತಿದ್ದಳು. ಇಳಕಲ್ ಸೀರೆ, ಹಣೆಗೆ ವಿಭೂತಿ, ಕಾಲಿಗೆ ಹೊಸ ಬೂಟು. ವಿಮಾನ ಹತ್ತುವವರು ಬೂಟು ಹಾಕಬೇಕೆಂದು ಯಾರೋ ಹೇಳಿದ್ದಕ್ಕೆ ಒಂದು ತಿಂಗಳಿಂದ ಅಂಗಳದಲ್ಲಿ ನಡೆದು ರೂಢಿ ಮಾಡಿಕೊಳ್ಳುತ್ತಿದ್ದಳು. ಅವ್ವ ಸತ್ತಾಗ ಶಿವಯೋಗಿ ಇನ್ನೂ ಅಂಬೆಗಾಲಿಡುತ್ತಿದ್ದ. ಅವನ ಮೂಗು ಒರೆಸಿದವಳು, ಜಡೆ ಹಾಕಿ ಹೆಣ್ಣುಹುಡುಗಿಯಂತೆ ಸಿಂಗರಿಸಿ ನಕ್ಕವಳು, ಹೊಡೆದವಳು, ಉಣ್ಣಿಸಿದವಳು ಇವಳೇ. ಗಂಡ ಹೋದ ಮೇಲೂ ಬಾಯಿ ಸುಮ್ಮನಾದದ್ದಿಲ್ಲ. ಹೊಲ ಬಿಟ್ಟರೆ ಸಂತೆ, ಸಂತೆ ಬಿಟ್ಟರೆ ಮಠ, ಇಷ್ಟರಲ್ಲೇ ವಯಸ್ಸು ಎಪ್ಪತ್ತರ ಹತ್ತಿರ ಬಂದಿತ್ತು. ಸಮುದ್ರ ಎಂಬುದನ್ನು ಅವಳು ನೋಡಿರಲಿಲ್ಲ. ನೋಡಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದ್ದು ಅವನ ನೆನಪಿನಲ್ಲಿ ಇದೊಂದೇ.

"ಅದೆಲ್ಲಾ ಉಪ್ಪಂತಲ್ಲೋ ತಮ್ಮಾ" ಎಂದು ಹಿಂದಿನ ಸೀಟಿನಲ್ಲಿ ಕೂತು ಶುರು ಮಾಡಿದಳು. "ಅಷ್ಟ ನೀರ ಇಟಗೊಂಡು ಒಂದ ಗುಟುಕ ಕುಡಿಯಾಕ ಬರಂಗಿಲ್ಲಂದ್ರ ಅದೆಂಥಾ ಸಾವಕಾರಕಿ?"

ಸವಿತಾ ನಕ್ಕಳು. ಶಿವಯೋಗಿಯೂ ನಕ್ಕ. ಕಾರು ಹಾನಗಲ್ಲಿನ ಕಡೆಗೆ ಓಡುತ್ತಿತ್ತು, ಎರಡೂ ಕಡೆ ಗೋವಿನಜೋಳ ಆಳೆತ್ತರ ನಿಂತಿತ್ತು.

"ಒಂದ್ ಮಾತು" ಎಂದಳು ಶೇಖವ್ವ, ದನಿ ತಗ್ಗಿಸಿ. "ಚನ್ನವೀರಪ್ಪನ ಮನಿಯಾಕಿ ಸರೋಜವ್ವ ಹೇಳ್ಯಾಳ, ಅಲ್ಲಿ ಸಮುದ್ರದ ದಂಡಿ ಮ್ಯಾಲ ಹೊತ್ತ ಹುಟ್ಟೂ ಮುಂದ ಎಲ್ಲಾರೂ ಕೂಡಿ ಲಿಂಗಪೂಜಿ ಮಾಡೂದಂತ. ಚಲೋ ಮಾತು. ಆದ್ರ ನನ್ನ ಕೈ ನೋಡು, ನಡಗತಾವ. ತೆರಿ ಬಂದಾಗ ಅಂಗೈಯಾಗಿಂದು ಜಾರಿ ಬಿತ್ತಂದ್ರ? ನಾ ನನ್ನ ಲಿಂಗಾ ಎದಿಮ್ಯಾಲ ಇಟಗೊಂಡಿರತೇನಿ. ನೀ ಪೂಜಿ ಮಾಡು, ನಿನ್ನ ಕೈಯಾಗಿನ ಲಿಂಗದ ತೀರ್ಥಾ ನಾ ತಗೋತೇನಿ. ಅಪ್ಪನ ಕೈಯಿಂದ ತಗೋತಿದ್ದೆ, ಈಗ ನಿನ್ನ ಕೈಯಿಂದ."

 ಶಿವಯೋಗಿ ಎದುರಿಗೆ ಬಂದ ಟ್ರ್ಯಾಕ್ಟರಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಾರ್ನ್ ಒತ್ತಿದ. ಇಷ್ಟು ದಿನ ಅವನು ಒಂದು ಸಮಾಧಾನದ ಮೇಲೆ ಬದುಕಿದ್ದ: ಸುಳ್ಳು ನನ್ನದು, ನನ್ನ ಎದೆಯ ಮೇಲಿದೆ, ಇದರಿಂದ ಯಾರ ಗಂಟೂ ಹೋಗಿಲ್ಲ. ಮನೆಯಲ್ಲಿ ದೇವರ ಕೋಣೆಯ ಮೂಲೆಗೆ ಮುಖ ಮಾಡಿ, ಬೆನ್ನು ಹೊರಗೆ ಮಾಡಿ, ಮುಷ್ಟಿಯೊಳಗೇ ಪೂಜೆ ಮುಗಿಸುತ್ತಿದ್ದ. ಆ ನೀರನ್ನು ತಾನೇ ಕುಡಿದು ಕೈ ಒರೆಸಿಕೊಳ್ಳುತ್ತಿದ್ದ. ಈಗ ಅದು ಅಕ್ಕನ ಬಾಯಿಗೆ ಹೋಗಬೇಕು. ಒಂದು ದಿನವೂ ಪೂಜೆ ತಪ್ಪಿಸದವಳು, ಹೆರಿಗೆಯ ನೋವಿನಲ್ಲೂ ಎದೆಯ ಮೇಲಿನ ಗಂಟನ್ನು ಹಿಡಿದುಕೊಂಡವಳು, ಕಡಲ ಮುಂದೆ ಕೂತು ಗಜ್ಜುಗ ತೊಳೆದ ನೀರು ಕುಡಿಯಬೇಕು. ಎರಡು ತಿಂಗಳಿದೆ, ಅಷ್ಟರೊಳಗೆ ಮಠಕ್ಕೆ ಹೋಗಿಬಿಡಬೇಕು. ಹೋಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಈ ಮಾತನ್ನು ತಾನು ಎಷ್ಟು ಚೆನ್ನಾಗಿ ಹೇಳುತ್ತೇನೆ ಎಂಬುದೂ ಅವನಿಗೆ ಗೊತ್ತಿತ್ತು.

ಸವಣೂರಿನ ಚನ್ನವೀರಪ್ಪನ ಮನೆಯ ಪಡಸಾಲೆಯಲ್ಲಿ ಆಗಲೇ ಜನ ಸೇರಿದ್ದರು. ಗೋಡೆಯ ದೊಡ್ಡ ಟಿವಿಗೆ ಪ್ರಶಾಂತ ತನ್ನ ಮೊಬೈಲು ಜೋಡಿಸಿ ನಡುಗಡ್ಡೆಗಳನ್ನು ತೋರಿಸುತ್ತಿದ್ದ. ನೀಲಿ ನೀರು, ಅದರ ನಡುವೆ ಹಸಿರು ಚೂರುಗಳು, ಮತ್ತೆ ನೀಲಿ ನೀರು. ಅಲ್ಲಿ ಬಿಸಿಲು ಎಷ್ಟಿತ್ತೆಂದರೆ ಪಡಸಾಲೆಯ ಮುಖಗಳ ಮೇಲೂ ಬಿದ್ದಿತ್ತು. "ಸಾವಿರಗಟ್ಟಲೆ ನಡುಗಡ್ಡಿ ಅದಾವ್ರಿ, ನಾವು ಮೂರಷ್ಟ ನೋಡೂದು" ಎಂದ. ಶೇಖವ್ವ ಟಿವಿಯ ಹತ್ತಿರವೇ ಹೋಗಿ ನಿಂತು ನೀರಿನ ಮೇಲೆ ಕೈಯಿಟ್ಟು ನೋಡಿದಳು. ಎಲ್ಲರೂ ನಕ್ಕರು. ಚನ್ನವೀರಪ್ಪ ಹೊಟ್ಟೆ ಕುಣಿಸಿ ನಕ್ಕ. ಗೊಬ್ಬರದ ವ್ಯಾಪಾರ ಮಾಡಿ ಮಾಡಿ ಅವನ ದನಿಯೂ ಲಾರಿಯಂತಾಗಿತ್ತು. ಹೋಟೆಲಿನಲ್ಲಿ ಒಂದು ಕೋಣೆಗೆ ಎಷ್ಟು ಜನ, ಅಡಿಗೆಯವನನ್ನು ಕರೆದೊಯ್ಯಬೇಕೋ ಬೇಡವೋ, ಹೆಂಗಸರು ಸೀರೆಯಲ್ಲೇ ನೀರಿಗಿಳಿಯುವುದೋ ಚೂಡಿದಾರವೋ, ಒಂದೊಂದಕ್ಕೂ ಒಂದೊಂದು ಪಂಚಾಯ್ತಿ. ಸವಿತಾಳ ಚಟ್ನಿ ಕೈಯಿಂದ ಕೈಗೆ ಹೋಯಿತು. ಶಿವಯೋಗಿ ಎಲ್ಲದಕ್ಕೂ ಹೂಂ ಎಂದ.

"ವಿಮಾನ ಹತ್ತೂ ಮುಂದ ಬೆಲ್ಟು, ಗಡಿಯಾರ ಎಲ್ಲಾ ಬಿಚ್ಚಬೇಕ್ರಿ" ಎಂದ ಪ್ರಶಾಂತ. "ನಮ್ಮ ಮಾವಗ ಕರಡಿಗಿ ತಗಸಿ ನೋಡಿದ್ರು. ಮುಚ್ಚಳಾ ಬಿಚ್ಚಿ."

"ನೋಡ್ಲಿ ಬಿಡೋ" ಎಂದ ಚನ್ನವೀರಪ್ಪ. "ನಮ್ಮದೇನ ಕದ್ದ ಮಾಲೇನು? ಲಿಂಗ ಐತಿ, ಕೈ ಮುಗದು ನೋಡ್ರಿ ಅಂದ್ರಾತು. ಏನಂತೀ ಶಿವಯೋಗಿ?"

"ಹೌದು" ಎಂದ. ದನಿ ಬೇರೆ ಯಾರದೋ ಎನ್ನಿಸಿತು. ಪ್ರಶಾಂತ ಒಂದು ಕ್ಷಣ ಶಿವಯೋಗಿಯ ಎದೆಯನ್ನೇ ನೋಡಿದನೇ? ಇಲ್ಲ, ಹಿಂದಿನ ಗೋಡೆಯ ಸ್ವಿಚ್ಚನ್ನು ನೋಡುತ್ತಿದ್ದ. ಹುಬ್ಬಳ್ಳಿಯ ಏಜೆಂಟನ ಜೊತೆ ಅವನು ಮಾತಾಡಿ ಮುಗಿಸಿಯಾಗಿತ್ತು, ಈ ಮಧ್ಯಾಹ್ನವೇ ಟಿಕೇಟು ಒತ್ತಿಬಿಡಬೇಕು, ತಡವಾದರೆ ಸೀಟು ಹೋಗುತ್ತವೆ. ಆಗ ಒಳಗಿನಿಂದ ಚನ್ನವೀರಪ್ಪನ ಹೆಂಡತಿ ಸರೋಜವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ಊರಿನ ಹೆಂಗಸರ ಅಕ್ಕನ ಬಳಗಕ್ಕೆ ಅವಳೇ ಹಿರಿಯಳು, ಅವಳ ಮಾತಿಗೆ ಗಂಡನ ಲಾರಿಯೂ ನಿಲ್ಲುತ್ತಿತ್ತು.

"ಟಿಕೇಟ ಆಮ್ಯಾಲೆ ಒತ್ತೀಯಂತ" ಎಂದಳು. "ಇಂಥಾ ದೊಡ್ಡ ಕೆಲಸಕ್ಕ ಹೊಂಟೇವಿ, ಪೂಜಿ ಇಲ್ಲದ ಶುರು ಮಾಡೂದೇನು? ಅಲ್ಲಿ ಸಮುದ್ರದ ದಂಡಿಮ್ಯಾಲ ಹೆಂಗ ಕುಂಡ್ರೂದು ಅನ್ನೂದೂ ಗೊತ್ತಾಕೈತಿ. ಎಲ್ಲಾರೂ ಕೈಕಾಲ ತೊಳಕೊಂಡ ಬರ್ರಿ."

ಚಾಪೆಗಳು ಬಿದ್ದವು. ವಿಭೂತಿ ಗಟ್ಟಿ, ಬಿಲ್ವಪತ್ರಿ, ಒಬ್ಬೊಬ್ಬರ ಮುಂದೆ ಒಂದೊಂದು ನೀರಿನ ಗಿಂಡಿ. ಶಿವಯೋಗಿ ಹಿತ್ತಲಿನ ನಳದ ಕೆಳಗೆ ಕಾಲು ತೊಳೆದದ್ದೇ ತೊಳೆದದ್ದು. ಹೊಟ್ಟೆ ನೋವು ಎನ್ನಲೇ? ಅಂಗಡಿಯಿಂದ ಫೋನು ಬಂತೆನ್ನಲೇ? ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಲು ಹೊಟ್ಟೆ ಹಿಡಿದುಕೊಂಡು ಮಲಗಿದರೆ ಅಕ್ಕ ಬಂದು ಅಜವಾನದ ಕಷಾಯ ಬಾಯಿಗೆ ಸುರಿಯುತ್ತಿದ್ದಳು. ಸುಳ್ಳು ಎಂದು ಗೊತ್ತಿದ್ದೇ ಸುರಿಯುತ್ತಿದ್ದಳು. "ತಮ್ಮಾ, ಬಾರೋ" ಎಂಬ ಕೂಗು ಒಳಗಿನಿಂದ ಬಂತು. ಹೋಗಿ ಅವಳ ಪಕ್ಕದಲ್ಲೇ ಕೂತ. ಅವಳೇ ಜಾಗ ಹಿಡಿದಿಟ್ಟಿದ್ದಳು.

ಸರೋಜವ್ವ ವಚನ ಹೇಳತೊಡಗಿದಳು. ಒಂದೊಂದೇ ಕರಡಿಗೆ ಬಿಚ್ಚಿಕೊಂಡಿತು. ಎಡಗೈಗಳು ಕಣ್ಣಿನ ಮಟ್ಟಕ್ಕೆ ಎದ್ದವು. ಶಿವಯೋಗಿ ಬೆರಳುಗಳನ್ನು ಗೂಡಿನಂತೆ ಬಾಗಿಸಿ, ಬಟ್ಟೆ ಬಿಚ್ಚಿ, ಗಜ್ಜುಗವನ್ನು ಅಂಗೈಯಲ್ಲಿಟ್ಟುಕೊಂಡ. ಮೇಲಿಷ್ಟು ವಿಭೂತಿ, ಅದರ ಮೇಲೊಂದು ಪತ್ರಿ. ಯಾರೂ ನೋಡುವುದಿಲ್ಲ. ಪೂಜೆಗೆ ಕೂತವರು ತಮ್ಮ ತಮ್ಮ ಅಂಗೈಯನ್ನೇ ನೋಡುತ್ತಾರೆ, ಇಷ್ಟು ವರ್ಷ ಅವನನ್ನು ಕಾಪಾಡಿದ್ದು ಅದೇ. ಕಣ್ಣು ಎತ್ತಿ ಸುತ್ತ ನೋಡುತ್ತಿದ್ದವನು ಅವನೊಬ್ಬನೇ. ಚನ್ನವೀರಪ್ಪನ ಮೀಸೆಯ ಮುಖ ಮಗುವಿನದಾಗಿತ್ತು, ತುಟಿ ಅರೆ ತೆರೆದಿತ್ತು. ಪ್ರಶಾಂತನ ಮೊಬೈಲು ಮೊಣಕಾಲ ಬಳಿ ಬೋರಲು ಬಿದ್ದು ಗುರುಗುಟ್ಟುತ್ತಿದ್ದರೂ ಅವನಿಗೆ ಅದರ ಪರಿವೆ ಇರಲಿಲ್ಲ. ಎಲ್ಲರೂ ಸುಮ್ಮನೆ ನಟಿಸುತ್ತಾರೆ, ಯಾರಿಗೂ ಏನೂ ಕಾಣುವುದಿಲ್ಲ ಎಂದು ಅವನು ಒಳಗೊಳಗೆ ನಂಬಿದ್ದ, ಅದು ಅವನ ಇನ್ನೊಂದು ಸಮಾಧಾನ. ಅದೂ ಈಗ ಕೈಬಿಟ್ಟಿತು. ಇವರಿಗೆ ಏನೋ ಕಾಣುತ್ತಿತ್ತು. ಅವನಿಗೆ ಅಸೂಯೆಯಾಯಿತು, ಅಳು ಬರುವಷ್ಟು ಅಸೂಯೆ. ತನ್ನ ಅಂಗೈ ನೋಡಿದ. ಹಳೆಯ ಕಾಡಿಗೆಯ ಕಪ್ಪು ಬೀಜದ ಸಣ್ಣ ಗೆರೆಗಳಲ್ಲಿ ಇನ್ನೂ ಉಳಿದಿತ್ತು.

ಗಿಂಡಿಯಿಂದ ನೀರು ಹನಿಸಿದ. ಅಂಗೈ ತುಂಬಿತು. ಆಗ ಬಲಗಡೆಯಿಂದ ಅಕ್ಕನ ಕೈ ಬಂತು, ಬೊಗಸೆಯಾಗಿ, ನಡುಗುತ್ತ. "ಕೊಡು ತಮ್ಮಾ" ಎಂದಳು ಮೆಲ್ಲಗೆ. ಅವಳ ಕಣ್ಣು ಇನ್ನೂ ಅರೆಮುಚ್ಚಿಯೇ ಇದ್ದವು. ಇಷ್ಟೇ, ಒಂದಿಷ್ಟು ಕೈ ಓರೆ ಮಾಡಿದರೆ ಮುಗಿಯಿತು. ಬರೀ ನೀರು. ಚನ್ನವೀರಪ್ಪನ ಮನೆಯ ಬಾವಿಯ ನೀರು. ಅವಳು ಕುಡಿಯುತ್ತಾಳೆ, ಸಮಾಧಾನವಾಗಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಊಟಕ್ಕೆ ಏಳುತ್ತಾರೆ, ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಓರೆಯಾಗತೊಡಗಿತು. ಅಕ್ಕನ ಬೊಗಸೆಯ ತುದಿಯಲ್ಲಿ ರೊಟ್ಟಿ ಸುಟ್ಟ ಹಳೆಯ ಕಲೆಗಳಿದ್ದವು. ಅವನು ಬೆರಳು ಬಿಚ್ಚಿಬಿಟ್ಟ. ನೀರು ಮಣಿಕಟ್ಟಿಗಿಳಿದು, ತೊಡೆಗಿಳಿದು ಹರಿದುಹೋಯಿತು. ಪತ್ರಿ ಜಾರಿತು, ವಿಭೂತಿ ತೊಳೆದುಹೋಯಿತು. ಅಂಗೈಯಲ್ಲಿ ಗಜ್ಜುಗ ಬತ್ತಲೆ ಕೂತಿತು.

ಶೇಖವ್ವ ಕಣ್ಣು ತೆರೆದು ನೋಡಿದಳು. ಅವಳಿಗೆ ಹೇಳಬೇಕಾಗಿರಲಿಲ್ಲ. ಗಜ್ಜುಗವನ್ನು ಕಟ್ಟೆಯ ಕಲ್ಲಿಗೆ ಉಜ್ಜಿ ಉಜ್ಜಿ ಕಾಯಿಸಿ, ಅದನ್ನು ತಮ್ಮನ ತೋಳಿಗೆ ಚುರ್ ಎನ್ನಿಸಿ ಓಡುತ್ತಿದ್ದವಳು ಅವಳೇ. ಒಮ್ಮೆ ಅಂಗೈ ನೋಡಿದಳು, ಒಮ್ಮೆ ಅವನ ಮುಖ. ಸಿಟ್ಟು ಬರುತ್ತದೆ ಎಂದು ಕಾದ, ಬರಲಿಲ್ಲ. ಅವಳ ಮುಖದಿಂದ ಏನೋ ಇಳಿದುಹೋಯಿತು, ಅಷ್ಟೇ. ಸೆರಗನ್ನು ಎಳೆದು ಅವನ ಅಂಗೈಯ ಮೇಲೆ ಹಾಕಿದಳು.

"ಸರೋಜವ್ವಾ, ನಿನ್ನ ತೀರ್ಥಾ ಇತ್ತಾಗ ಕೊಡವಾ" ಎಂದಳು.

"ಯಾಕ್ರೀ ಯಕ್ಕಾ, ತಮ್ಮನ ಕೈಯಿಂದನ ತಗೋತೇನಿ ಅಂದಿದ್ರಿ?"

"ಅವನ ಕೈಯಾನ ನೀರು ಚೆಲ್ಲಿ ಹೋದ್ವು."

ಊಟವಾಯಿತು. ಸವಣೂರಿನ ವೀಳ್ಯದೆಲೆ ಮಡಿಸಿಕೊಂಡು ಎಲ್ಲರೂ ಮತ್ತೆ ಪಡಸಾಲೆಗೆ ಬಂದರು. ಪ್ರಶಾಂತ ಮೊಬೈಲು ಹಿಡಿದು ಒಂದೊಂದೇ ಹೆಸರು ಕೂಗಿ ಟಿಕೇಟಿಗೆ ಸೇರಿಸತೊಡಗಿದ. ಶಿವಯೋಗಿಯ ಹೆಸರು ಬಂತು, ಸವಿತಾಳದು ಬಂತು. "ಶೇಖಕ್ಕಾರು" ಎಂದ.

"ನನ್ನ ಹೆಸರ ತಗೀಪಾ" ಎಂದಳು ಶೇಖವ್ವ.

 ಎಲ್ಲರೂ ಒಟ್ಟಿಗೇ ಮಾತಾಡಿದರು. ಪಾಸ್‌ಪೋರ್ಟ್ ಬಂದೈತಿ, ಬೂಟ್ ತಗೊಂಡೀರಿ, ನೀವ ಇಲ್ಲದ ರೊಟ್ಟಿ ಯಾರ ಕೈಯಾಗ ಕೊಡೂದು? ಅವಳು ನಕ್ಕಳು, ಆ ನಗು ಕಣ್ಣಿಗೆ ಏರಲಿಲ್ಲ. "ರೊಟ್ಟಿ ಬಡದ ಕಳಸ್ತೇನಿ. ಕೈ ನಡಗತಾವ್ರವಾ. ಅಂಥಾ ದೊಡ್ಡ ನೀರಾಗ ಏನರ ಬಿದ್ದ ಹೋದ್ರ ಹುಡುಕೂದು ಯಾರು?" ಎಂದಳು.

"ಶಿವಯೋಗಿ, ನೀ ಹೇಳಪಾ ನಿಮ್ಮ ಅಕ್ಕಗ" ಎಂದ ಚನ್ನವೀರಪ್ಪ. "ನಿನ್ನ ಮಾತ ಮೀರಂಗಿಲ್ಲ."

ಎಲ್ಲರೂ ಅವನ ಕಡೆ ನೋಡಿದರು. ಟಿವಿಯಲ್ಲಿ ನೀಲಿ ನೀರು ಹಾಗೆಯೇ ನಿಂತಿತ್ತು. ಅಕ್ಕ ಮಾತ್ರ ಅವನ ಕಡೆ ನೋಡುತ್ತಿರಲಿಲ್ಲ, ಹೊಸ ಬೂಟಿನ ದಾರ ಸರಿಮಾಡುತ್ತಿದ್ದಳು. ಹೇಳಬೇಕಾದ ಮಾತು ಅವನ ಬಾಯಿಯಲ್ಲಿತ್ತು, ಹೇಳಿದರೆ ಅವಳು ಸಮುದ್ರ ನೋಡುತ್ತಿದ್ದಳು. "ಅಕ್ಕನ ಇಷ್ಟ" ಎಂದ. ಪ್ರಶಾಂತ ಬಟನ್ ಒತ್ತಿದ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಸವಿತಾಳೇ ಮಾತಾಡಿದಳು. ಇಷ್ಟು ದಿನ ಕುಣಿದಾಡಿ ಈಗ ಹಿಂಗ ಮಾಡಿದ್ರಲ್ಲ ಅಕ್ಕಾರ, ಯಾರರ ಏನರ ಅಂದರೇನು, ನನ್ನ ಕಡಿಂದ ತಪ್ಪಾತೇನು?  ಚಿಕ್ಕೇರೂರು ಬಂದಾಗ ಶೇಖವ್ವ ಮಜ್ಜಿಗೆ ಮೆಣಸಿನಕಾಯಿ ಒಳಗೆ ಡಬ್ಬಿಯಲ್ಲಿದೆ, ತಗೊಂಡು ಬಾ ಎಂದು ಸವಿತಾಳನ್ನು ಮನೆಯೊಳಗೆ ಕಳಿಸಿದಳು. ತಾನು ಇಳಿದು, ಸುತ್ತು ಹಾಕಿ ಬಂದು ಅವನ ಕಿಟಕಿಯ ಬಳಿ ನಿಂತಳು. ಬೂಟು ಕೈಯಲ್ಲಿದ್ದವು. ಬರಿಗಾಲಲ್ಲಿ ನಿಂತಿದ್ದಳು.

"ಎಲ್ಲಿ?" ಎಂದಳು.

"ಮಾಸೂರ ಕೆರ್ಯಾಗ."

"ಇವತ್ತಿಂದಲ್ಲ?"

"ಅಲ್ಲ. ಬಾಳ ವರ್ಷಾತು."

ಶೇಖವ್ವ ರಸ್ತೆಯ ಕಡೆ ನೋಡಿದಳು. ಎತ್ತಿನ ಗಾಡಿಯೊಂದು ಹಾದುಹೋಯಿತು. "ಅವತ್ತ ಉಂಡೇನು?" ಎಂದು ಕೇಳಿದಳು.

 ಇಷ್ಟು ವರ್ಷ ಯಾರಾದರೂ ಕೇಳಿಯಾರು ಎಂದು ಅವನು ಹೆದರಿದ್ದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. "ಉಂಡೆ" ಎಂದ.

"ಹಂ" ಎಂದಳು. ಆಮೇಲೆ ಕೈ ಕಿಟಕಿಯೊಳಗೆ ಚಾಚಿದಳು, ಅದೇ ನಡುಗುವ ಕೈ. "ಅದನ್ನ ಇಲ್ಲಿ ಕೊಡು."

ಅವನು ಕರಡಿಗೆ ಬಿಚ್ಚಿ, ಬಟ್ಟೆಯ ಸಮೇತ ಗಜ್ಜುಗವನ್ನು ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದಳು. "ಖಾಲಿ ಇದ್ರ ಖಾಲಿ ಇರ್ಲಿ" ಎಂದಳು. "ಸಮುದ್ರಕ್ಕ ನೀವ ಹೋಗಿ ಬರ್ರಿ. ನನಗ ಆ ಕೆರಿ ಒಮ್ಮೆ ತೋರ್ಸು." ತಿರುಗಿ ನೋಡದೆ ಒಳಗೆ ಹೋದಳು.

ಸವಿತಾ ಡಬ್ಬಿ ಹಿಡಿದು ಬಂದು ಕೂತಳು, ಹಾಡು ಹಚ್ಚಿದಳು. ಮೊಬೈಲು ಒಂದೇ ಸಮನೆ ಟಿಣ್ ಟಿಣ್ ಎನ್ನುತ್ತಿತ್ತು, ಟಿಕೇಟು ಬಂದವೆಂದು ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಹಾಕುತ್ತಿದ್ದರು. ಊರು ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಮೊದಲ ತಗ್ಗಿಗೆ ಕಾರು ಇಳಿದಾಗ ಅವನ ಎದೆಯ ಮೇಲೆ ಟಕ್ ಎಂದಿತು. ಇನ್ನೊಂದು ತಗ್ಗು, ಮತ್ತೆ ಟಕ್. ಸವಿತಾ ತಲೆ ಎತ್ತಿ ಕೇಳಿಸಿಕೊಂಡಳು.

"ಏನ್ರೀ ಅದು ಸಪ್ಪಳ? ಕರಡಿಗಿ ಮುಚ್ಚಳಾನ? ಮಾಡಸ್ಕೊಂಡ ಬಂದಿದ್ರಲ್ಲ?"

"ಮಾಡಿಸಿದ್ದಿಲ್ಲ."

"ಮತ್ತ ಇಷ್ಟ ದಿನ ಸಪ್ಪಳ ಇದ್ದಿದ್ದಿಲ್ಲ?"

ಶಿವಯೋಗಿ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು.

"ಖಾಲಿ ಐತಿ" ಎಂದ.

ಸವಿತಾ ಕೈ ಚಾಚಿ ಹಾಡು ಬಂದ್ ಮಾಡಿದಳು.